ತಾತನ ಕೋವಿ ಗಡಿ ದಾಟಬೇಕಾದರೆ

ಮೈಸೂರಿನವರ ಕಿವಿಗೆ ಗುಂಡಿನ ಸದ್ದು ಹೊಸದಲ್ಲ. ವಿಜಯದಶಮಿಯ ದಿನ ಅರಮನೆಯ ಮುಂದೆ 21 ಸುತ್ತು ಕುಶಾಲತೋಪು ಹಾರುತ್ತದೆ. ಅದಕ್ಕೆ ಆನೆಗಳು ಬೆದರದಿರಲೆಂದು ಕೆಲವು ವಾರ ಮೊದಲೇ ತಾಲೀಮು ನಡೆಯುತ್ತದೆ. ಆ ಸದ್ದಿಗೆ ಯಾರ ಅಪ್ಪಣೆ, ಮದ್ದು ತುಂಬುವವರು ಯಾರು, ತೋಪು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂಬುದೆಲ್ಲ ಊರಿಗೇ ಗೊತ್ತು. ಮನೆಯ ಬೀರುವಿನಲ್ಲಿ ಬಟ್ಟೆ ಸುತ್ತಿ ಇಟ್ಟ ಕೋವಿಯ ವಿಷಯ ಹಾಗಲ್ಲ. ಅದಕ್ಕೂ ಅಷ್ಟೇ ಲೆಕ್ಕ ಉಂಟು ಎಂಬುದು ಎಷ್ಟೋ ಸಲ ಆ ಮನೆಯವರಿಗೇ ನೆನಪಿರುವುದಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕಡೆ ಜಮೀನಿದ್ದ ಕುಟುಂಬಗಳಲ್ಲಿ ಹಂದಿ ಕಾಟಕ್ಕೆ, ಆನೆ ಓಡಿಸುವುದಕ್ಕೆ ಕೋವಿಯ ಲೈಸೆನ್ಸು ಪಡೆದವರು ಬೇಕಾದಷ್ಟು ಮಂದಿ. ಮಕ್ಕಳ ಓದಿಗೆಂದು ಸಂಸಾರ ಮೈಸೂರಿಗೆ ಬರುತ್ತದೆ. ಪಾತ್ರೆ ಪಗಡೆಯ ಜೊತೆ ಕೋವಿಯೂ ಬರುತ್ತದೆ. ಆಮೇಲೆ ಹೊಡೆಯಲು ಹಂದಿಯೂ ಇಲ್ಲ, ಕಾಯಲು ಹೊಲವೂ ಇಲ್ಲ.

ಸರಸ್ವತೀಪುರದ ಅಂಥ ಒಂದು ಮನೆಯನ್ನು ಊಹಿಸಿಕೊಳ್ಳೋಣ. ತಾತನಿಗೆ ಎಂಬತ್ತು ತುಂಬಿದೆ. ಅವರ ಹೆಸರಿನಲ್ಲಿ ಒಂದು 12 ಬೋರಿನ ಜೋಡುನಳಿಗೆ ಕೋವಿ ಇದೆ, ಲೈಸೆನ್ಸು ಚಾಲ್ತಿಯಲ್ಲಿದೆ. ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿರುವ ಹಳೆಯ ಸ್ನೇಹಿತರೊಬ್ಬರು ಕಾಫಿ ಮೆಣಸು ಬೆಳೆಯುವವರು. ಅವರಿಗೂ ಲೈಸೆನ್ಸು ಇದೆ. ಫೋನಿನಲ್ಲೇ ಬೆಲೆ ಮಾತಾಯಿತು. ಉಳಿದದ್ದು ತಲುಪಿಸುವ ಕೆಲಸ. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಓದುತ್ತಿರುವ, ಹತ್ತೊಂಬತ್ತು ತುಂಬಿದ ಮೊಮ್ಮಗ ಹೇಳುತ್ತಾನೆ: "ತಾತ, ನೀವ್ಯಾಕೆ ಒದ್ದಾಡ್ತೀರಿ? ಬಿಚ್ಚಿ ಬ್ಯಾಗಿಗೆ ಹಾಕಿಕೊಡಿ. ಭಾನುವಾರ ಬಸ್ಸಿನಲ್ಲಿ ಹೋಗಿ ಕೊಟ್ಟುಬರ್ತೀನಿ."

ಹುಡುಗನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಮಾರುವವರಿಗೂ ಲೈಸೆನ್ಸು ಇದೆ, ಕೊಳ್ಳುವವರಿಗೂ ಇದೆ. ಆದರೂ ಆ ಬ್ಯಾಗನ್ನು ಹೆಗಲಿಗೇರಿಸಿ ಹೊಸ್ತಿಲು ದಾಟಿದ ಗಳಿಗೆಯಿಂದ ಅವನು ಅಪರಾಧಿ. ಮೂಲೆಹೊಳೆಯ ತನಿಖಾ ಠಾಣೆಯವರೆಗೂ ಹೋಗಬೇಕಾಗಿಲ್ಲ, ಮೈಸೂರಿನ ಬಸ್ ನಿಲ್ದಾಣದಲ್ಲಿಯೇ ಹಿಡಿದರೂ ಸಾಕು.

ಯಾಕೆಂದರೆ ಲೈಸೆನ್ಸು ಕೋವಿಗಲ್ಲ, ಮನುಷ್ಯನಿಗೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 3ನೆಯ ಕಲಮು ಹೇಳುವುದೇ ಇದನ್ನು. ಲೈಸೆನ್ಸುದಾರನ ಎದುರಿನಲ್ಲಿ ಅಥವಾ ಅವನ ಲಿಖಿತ ಅನುಮತಿಯ ಮೇಲೆ ಮತ್ತೊಬ್ಬನು ಕೋವಿ ಒಯ್ಯಬಹುದೆಂದು ಅಲ್ಲೊಂದು ಸಡಿಲಿಕೆ ಇದೆ ನಿಜ. ಆದರೆ ಅದು ಮೂರೇ ಕೆಲಸಕ್ಕೆ: ದುರಸ್ತಿಗೆ, ಲೈಸೆನ್ಸಿನ ನವೀಕರಣಕ್ಕೆ, ಅಥವಾ ಲೈಸೆನ್ಸುದಾರನೇ ಬಳಸುವುದಕ್ಕೆ. ಮಾರಿದ ಕೋವಿಯನ್ನು ಮುಟ್ಟಿಸಿ ಬರುವುದು ಈ ಮೂರರಲ್ಲಿ ಸೇರಿಲ್ಲ. ತಾತ ಚೀಟಿ ಬರೆದುಕೊಟ್ಟರೂ ಪ್ರಯೋಜನವಿಲ್ಲ. ಮೇಲಾಗಿ 21 ವರ್ಷ ತುಂಬದವರು ಕೋವಿ ಇಟ್ಟುಕೊಳ್ಳುವುದನ್ನು ಕಾಯಿದೆಯ 9ನೆಯ ಕಲಮು ನಿಷೇಧಿಸಿದೆ. ಲೈಸೆನ್ಸಿಲ್ಲದೆ ಇಟ್ಟುಕೊಂಡದ್ದಕ್ಕೆ, ಒಯ್ದದ್ದಕ್ಕೆ 2019ರ ತಿದ್ದುಪಡಿಯ ನಂತರ ಎರಡರಿಂದ ಐದು ವರ್ಷ ಸೆರೆವಾಸ, ಜೊತೆಗೆ ದಂಡ. ಪಾಸ್‌ಪೋರ್ಟಿಗೆ, ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವ ವಯಸ್ಸಿನ ಹುಡುಗನ ಮೇಲೆ ಇಂಥ ಮೊಕದ್ದಮೆ ಬಿದ್ದರೆ ಅದು ಎಷ್ಟು ವರ್ಷ ಹಿಂದೆ ಬರುತ್ತದೆಂಬುದನ್ನು ತಂದೆತಾಯಿಗಳಿಗೆ ಹೇಳಬೇಕಾಗಿಲ್ಲ.

ಹಾಗಾದರೆ ಸರಿಯಾದ ದಾರಿ ಯಾವುದು? ಕೋವಿಗಿಂತ ಮೊದಲು ಕಾಗದ ಹೊರಡಬೇಕು. ಸ್ವಂತ ಬಳಕೆಗೆ ಇಟ್ಟುಕೊಂಡ ಕೋವಿಯನ್ನು ಖಾಸಗಿಯಾಗಿ ಮಾರಲು ಅಂಗಡಿಯ ಲೈಸೆನ್ಸು ಬೇಕಿಲ್ಲ. ಅಷ್ಟನ್ನು ಕಾಯಿದೆಯ 5ನೆಯ ಕಲಮು ಒಪ್ಪುತ್ತದೆ. ಆದರೆ ಮಾರುವ ಉದ್ದೇಶವನ್ನೂ, ಕೊಳ್ಳುವವರ ಹೆಸರು ವಿಳಾಸವನ್ನೂ ಬರೆದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಮೊದಲೇ ತಿಳಿಸಿರಬೇಕು. ತಿಳಿಸಿದ ಮೇಲೆ 45 ದಿನ ಕಳೆದಿರಬೇಕು. ಅದಕ್ಕೆ ಮುಂಚೆ ಕೋವಿ ಕೈ ಬದಲಾಗುವಂತಿಲ್ಲ. ಹೀಗೆ ತಿಳಿಸದೆ ಕೊಟ್ಟರೆ ಅಥವಾ 45 ದಿನ ತುಂಬುವ ಮುಂಚೆ ಕೊಟ್ಟರೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 500 ರೂಪಾಯಿಯೇ ಎಂದು ನಗುವವರು ಇನ್ನೊಂದನ್ನೂ ತಿಳಿದಿರಲಿ: ಇಟ್ಟುಕೊಳ್ಳಲು ಅರ್ಹತೆಯೇ ಇಲ್ಲದವನಿಗೆ ಕೋವಿ ಮಾರಿದರೆ ಅದು ಬೇರೆಯೇ ಅಪರಾಧ. ಅದಕ್ಕೆ 2019ರ ತಿದ್ದುಪಡಿಯ ಪ್ರಕಾರ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ.

ಮೈಸೂರು ನಗರದವರಿಗೆ ಇಲ್ಲೊಂದು ಸೂಕ್ಷ್ಮವಿದೆ. ಪೊಲೀಸ್ ಕಮೀಷನರ್ ಇರುವ ಊರಿನಲ್ಲಿ ಈ ಕಾಯಿದೆಯ ಮಟ್ಟಿಗೆ 'ಜಿಲ್ಲಾ ಮ್ಯಾಜಿಸ್ಟ್ರೇಟ್' ಎಂದರೆ ಕಮೀಷನರೇ. ಸರಸ್ವತೀಪುರದ ತಾತ ಕಮೀಷನರ ಕಚೇರಿಗೆ ಹೋಗಬೇಕು, ಹುಣಸೂರಿನ ತಮ್ಮ ಜಿಲ್ಲಾಧಿಕಾರಿಗಳ ಕಚೇರಿಗೆ.

45 ದಿನ ಕಳೆಯಿತೆನ್ನೋಣ. ಈಗಲಾದರೂ ತಾತನೇ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಹೊರಡಬಹುದೇ? ಶಸ್ತ್ರಾಸ್ತ್ರವೆಂಬುದು ಸಂವಿಧಾನದ ಕೇಂದ್ರ ಪಟ್ಟಿಯಲ್ಲಿ 5ನೆಯ ವಿಷಯ. ಹೀಗಾಗಿ ಕರ್ನಾಟಕಕ್ಕೊಂದು ಕೇರಳಕ್ಕೊಂದು ಕಾಯಿದೆ ಇಲ್ಲ. ಗಡಿಯಲ್ಲಿ ಬದಲಾಗುವುದು ಅಧಿಕಾರಿ, ಮತ್ತು ಲೈಸೆನ್ಸಿನ ಬಲ. ಪ್ರತಿ ಲೈಸೆನ್ಸಿನಲ್ಲೂ ಅದು ಎಲ್ಲಿಯವರೆಗೆ ಊರ್ಜಿತ ಎಂಬುದನ್ನು ನಮೂದಿಸಿರುತ್ತಾರೆ. ತಾತನ ಲೈಸೆನ್ಸಿನಲ್ಲಿ 'ಕರ್ನಾಟಕ ರಾಜ್ಯ' ಎಂದಿದ್ದರೆ ಮೂಲೆಹೊಳೆ ದಾಟಿದ ಕೂಡಲೇ ಅವರು ಲೈಸೆನ್ಸಿಲ್ಲದವರು. ಬತ್ತೇರಿಯ ಸ್ನೇಹಿತರ ಲೈಸೆನ್ಸು ಕೇರಳಕ್ಕೆ ಮಾತ್ರ ಎಂದಿದ್ದರೆ ಅವರು ಇಲ್ಲಿಗೆ ಬಂದು ಒಯ್ಯುವಂತೆಯೂ ಇಲ್ಲ. ಇಬ್ಬರೂ ಕಾನೂನುಬದ್ಧರು, ನಡುವೆ ಒಂದು ಗೆರೆ, ಆ ಗೆರೆ ದಾಟಿಸಬಲ್ಲವರು ಮಾತ್ರ ಯಾರೂ ಇಲ್ಲ! ಇದಕ್ಕೆ ಪರಿಹಾರ ಲೈಸೆನ್ಸು ಕೊಟ್ಟ ಕಚೇರಿಯಲ್ಲೇ ಇದೆ. ಊರ್ಜಿತ ಪ್ರದೇಶವನ್ನು ವಿಸ್ತರಿಸಿಕೊಡಿ ಎಂದು ಅರ್ಜಿ ಹಾಕಬಹುದು. ಸಾಗಣೆಗೆಂದೇ ಬೇರೆ ಲೈಸೆನ್ಸಿನ ಏರ್ಪಾಡು ಕೂಡ ಶಸ್ತ್ರಾಸ್ತ್ರ ನಿಯಮಗಳಲ್ಲಿದೆ. ಲೈಸೆನ್ಸು ಪಡೆದ ಕೋವಿ ಅಂಗಡಿಯವರ ಮೂಲಕ ವ್ಯವಹಾರ ಮಾಡುವುದು ಇನ್ನೊಂದು ದಾರಿ. ಯಾವುದನ್ನು ಹಿಡಿದರೂ ಬರವಣಿಗೆಯಲ್ಲಿ ಒಪ್ಪಿಗೆ ಪಡೆದೇ ಹೊರಡಬೇಕು. ಕೊನೆಗೆ ತಾತನ ಲೈಸೆನ್ಸಿನಿಂದ ಕೋವಿಯ ನಂಬರು ತೆಗೆದುಹಾಕಿದ ಮೇಲೂ, ಸ್ನೇಹಿತರ ಲೈಸೆನ್ಸಿನಲ್ಲಿ ಅದೇ ನಂಬರು ಏರಿದ ಮೇಲೂ ಮಾರಾಟ ಮುಗಿಯಿತೆನ್ನಬೇಕು.

ಕೊರಿಯರಿಗೆ ಕೊಟ್ಟರೆ? ಪೊಟ್ಟಣ ಒಯ್ಯುವ ಹುಡುಗನ ಬಳಿ ಲೈಸೆನ್ಸಿಲ್ಲ. ಮೊಮ್ಮಗನ ಪಾಡೇ ಅವನದೂ. ತೋಟಾಗಳೊಳಗೆ ಮದ್ದಿದೆ, ಸ್ಫೋಟಕ ಪದಾರ್ಥವನ್ನು ಅಂಚೆಗೆ ಹಾಕುವುದಕ್ಕೆ ಹಿಂದಿನಿಂದಲೂ ನಿಷೇಧ. ವಿಮಾನದಲ್ಲಾದರೆ ಲೈಸೆನ್ಸಿದ್ದವರೂ ಮೊದಲೇ ತಿಳಿಸಿ, ಗುಂಡು ತೆಗೆದ ಕೋವಿಯನ್ನು ಸಾಮಾನಿನ ವಿಭಾಗಕ್ಕೆ ಒಪ್ಪಿಸಬೇಕು. ಕೈಚೀಲದಲ್ಲಿ ಸಾಧ್ಯವೇ ಇಲ್ಲ.

ಮೈಸೂರಿನವರಿಗೆ ಇನ್ನೊಂದು ತೊಡಕಿದೆ. ಅದು ಬೇರೆ ಊರಿನವರಿಗೆ ಅಷ್ಟಾಗಿ ಬರುವುದಿಲ್ಲ. ಇಲ್ಲಿಂದ ತೆಂಕಣಕ್ಕೆ ಹೊರಟ ದಾರಿಗಳೆಲ್ಲ ಕಾಡಿನೊಳಗೆ ಹೊಕ್ಕು ಹೊರಡುತ್ತವೆ. ಗುಂಡ್ಲುಪೇಟೆ ದಾಟಿ ಬತ್ತೇರಿಗೆ ಹೋದರೂ ಊಟಿಗೆ ಹೋದರೂ ಬಂಡೀಪುರ. ಹೆಗ್ಗಡದೇವನಕೋಟೆಯಿಂದ ಬಾವಲಿಯ ಕಡೆಗೆ ತಿರುಗಿದರೆ ನಾಗರಹೊಳೆ. ಚಾಮರಾಜನಗರದಿಂದ ಇಳಿದರೆ ಸತ್ಯಮಂಗಲ. ಬಂಡೀಪುರದ ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ನಿಲ್ಲಿಸುವ ಏರ್ಪಾಡು 2009ರಿಂದ ಬಂದದ್ದು ಎಲ್ಲರಿಗೂ ಗೊತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 31ನೆಯ ಕಲಮು ಅಷ್ಟು ಜನರಿಗೆ ಗೊತ್ತಿಲ್ಲ. ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರಿಂದ ಅಧಿಕಾರ ಪಡೆದವರ ಲಿಖಿತ ಅನುಮತಿಯಿಲ್ಲದೆ ಯಾವ ಆಯುಧವನ್ನೂ ಹಿಡಿದು ಅಭಯಾರಣ್ಯದೊಳಗೆ ಕಾಲಿಡುವಂತಿಲ್ಲ. ರಾಷ್ಟ್ರೀಯ ಉದ್ಯಾನಕ್ಕೂ ಅದೇ ನಿಯಮ. ತಾತನ ಕೈಯಲ್ಲಿ ಕಮೀಷನರ ಕಾಗದವಿದ್ದರೂ ಅರಣ್ಯ ಇಲಾಖೆಯ ಕಾಗದ ಬೇರೆ. ಡಿಕ್ಕಿಯಲ್ಲಿ ಕೋವಿ ಸಿಕ್ಕಿದಾಗ "ಬೇಟೆಗಲ್ಲ ಸ್ವಾಮಿ, ಮಾರಾಟಕ್ಕೆ" ಎಂದರೆ ಅರಣ್ಯದ ಕಾವಲುಗಾರ ಯಾಕೆ ನಂಬಬೇಕು?

ಅದೇ ಕಾಯಿದೆಯ 34ನೆಯ ಕಲಮು ಕೊಳ್ಳುವವರ ಕಡೆಯಿಂದಲೂ ನೋಡುತ್ತದೆ. ಅಭಯಾರಣ್ಯದ ಒಳಗೆ ಅಥವಾ ಅದರಿಂದ 10 ಕಿಲೋಮೀಟರಿನೊಳಗೆ ವಾಸಿಸುವ ಕೋವಿದಾರರು ತಮ್ಮ ಹೆಸರನ್ನು ಅರಣ್ಯಾಧಿಕಾರಿಗಳಲ್ಲಿ ನೋಂದಾಯಿಸಿರಬೇಕು. ಆ ವ್ಯಾಪ್ತಿಯಲ್ಲಿ ಹೊಸ ಲೈಸೆನ್ಸು ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಬತ್ತೇರಿಯ ಸುತ್ತಮುತ್ತ ವಯನಾಡಿನ ಅಭಯಾರಣ್ಯವಿದೆ. ಹಾಗಾಗಿ ಬೆಲೆ ಮಾತಾಡುವ ಮುಂಚೆ ಆ ಸ್ನೇಹಿತರ ನೋಂದಣಿ ಆಗಿದೆಯೇ ಎಂದು ಕೇಳುವುದು ಅಧಿಕಪ್ರಸಂಗವಾಗುವುದಿಲ್ಲ.

"ನಮ್ಮ ಹಾಸ್ಟೆಲಿನಲ್ಲಿರುವ ಕೊಡಗಿನ ಹುಡುಗರ ಮನೆಯಲ್ಲಿ ಲೈಸೆನ್ಸೇ ಇಲ್ಲದೆ ಕೋವಿ ಇದೆಯಲ್ಲ!" ಎಂದು ಮೊಮ್ಮಗ ಇಲ್ಲಿ ಬಾಯಿ ಹಾಕಬಹುದು. ಅವನ ಮಾತು ಸುಳ್ಳಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಆಕಾಶಕ್ಕೆ ಗುಂಡು, ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಕೋವಿ ಅಲ್ಲಿ ಮನೆಯವರಲ್ಲೊಬ್ಬ. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿತು. 1857ರ ದಂಗೆಯ ನಂತರ ಜನರ ಆಯುಧ ಕಿತ್ತುಕೊಳ್ಳುವ ಕಾನೂನು ಬಂದಾಗ ಕೊಡಗರಿಗೆ ಅದರಿಂದ ವಿನಾಯಿತಿ ಸಿಕ್ಕಿತು. 1861ರಲ್ಲಿ ಅದನ್ನು ಘೋಷಿಸಿದವರು ಮಾರ್ಕ್ ಕಬ್ಬನ್, ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಬಂದದ್ದು ಯಾರಿಂದಲೋ ಅವರೇ. ಸ್ವಾತಂತ್ರ್ಯಾನಂತರದ ಕಾಯಿದೆಯೂ 41ನೆಯ ಕಲಮಿನ ಅಧಿಕಾರದಿಂದ ಅದನ್ನು ಮುಂದುವರಿಸಿತು. ಕೊಡವರಿಗೂ, ಕೊಡಗಿನಲ್ಲಿ ಜಮ್ಮಾ ಭೂಮಿ ಹೊಂದಿದವರಿಗೂ ಅದು ಅನ್ವಯ. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಜಾತಿಯ ಮೇಲೆ, ಭೂಮಿಯ ಮೇಲೆ ಇಂಥ ವಿನಾಯಿತಿ ಕೊಡುವುದು ಸರಿಯೇ ಎಂಬ ಪ್ರಶ್ನೆ ಹೈಕೋರ್ಟಿನವರೆಗೆ ಹೋಗಿ, 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು.

ಆದರೆ ವಿನಾಯಿತಿ ಎಂದರೆ ಲೆಕ್ಕವಿಲ್ಲ ಎಂದರ್ಥವಲ್ಲ. ವಿನಾಯಿತಿ ಪತ್ರವನ್ನು ಕೊಡಗಿನ ಜಿಲ್ಲಾಡಳಿತದಿಂದ ಪಡೆಯಬೇಕು. 1959ರ ಕಾಯಿದೆಯ ಅಡಿಯಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ, ಕೊಡಗಿನ ಹೊರಗೆ ವಾಸಿಸುವಾಗ ಅಥವಾ ಪ್ರಯಾಣಿಸುವಾಗ ಇಟ್ಟುಕೊಳ್ಳಬಹುದಾದದ್ದಕ್ಕೆ ಮಿತಿ ಹಾಕಿದ್ದರು: ಒಂದು ರೈಫಲು, ಅದಕ್ಕೆ 100 ಗುಂಡು; ಒಂದು ನುಣುಪು ನಳಿಗೆಯ ಕೋವಿ, ಅದಕ್ಕೆ 500 ತೋಟಾ. ಅರಣ್ಯದಂಚಿನ 10 ಕಿಲೋಮೀಟರಿನ ನೋಂದಣಿ ಇದೆಯಲ್ಲ, ಅದರ ವಾಕ್ಯದಲ್ಲಿ 'ಶಸ್ತ್ರಾಸ್ತ್ರ ಕಾಯಿದೆಯಿಂದ ವಿನಾಯಿತಿ ಪಡೆದವರು' ಎಂದೇ ಸೇರಿಸಿದ್ದಾರೆ. ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಮಾರಾಟದ್ದು. ವಿನಾಯಿತಿ ಆ ಮನುಷ್ಯನದು, ಕೋವಿಯದಲ್ಲ. ವಿರಾಜಪೇಟೆಯ ಮನೆಯಿಂದ ಕೋವಿ ಮೈಸೂರಿನವರೊಬ್ಬರ ಕೈಗೆ ಬರಬೇಕಾದರೆ ಇವರಲ್ಲಿ ಲೈಸೆನ್ಸು ಇರಲೇಬೇಕು. ಹಾಸ್ಟೆಲಿನ ಸ್ನೇಹದಲ್ಲಿ "ಒಂದು ವಾರ ಇಟ್ಟುಕೊಂಡಿರು" ಎಂದು ಕೈ ಬದಲಾಯಿಸುವ ವಸ್ತುವಲ್ಲ ಅದು.

ಇಷ್ಟೊಂದು ಕಾಗದ ಯಾಕೆ ಎಂದು ಬೇಸರವಾಗುವುದು ಸಹಜ. ಅದಕ್ಕೆ ಅಮೆರಿಕದ ಒಂದು ಹಳೆಯ ಪ್ರಕರಣವನ್ನು ನೋಡಬೇಕು. 1963ರ ಮಾರ್ಚಿನಲ್ಲಿ ಡಲ್ಲಾಸಿನ ಒಬ್ಬಾತ ಪತ್ರಿಕೆಯ ಜಾಹೀರಾತು ಕತ್ತರಿಸಿ, ಸುಳ್ಳು ಹೆಸರು ಬರೆದು, 21 ಡಾಲರು 45 ಸೆಂಟು ಕಳಿಸಿ, ಷಿಕಾಗೋದ ಅಂಗಡಿಯಿಂದ ಒಂದು ಇಟಾಲಿಯನ್ ರೈಫಲನ್ನು ಅಂಚೆಪೆಟ್ಟಿಗೆಯ ವಿಳಾಸಕ್ಕೆ ತರಿಸಿಕೊಂಡ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಕೋವಿ ಹೋಯಿತು, ಕೊಳ್ಳುವವನ ಮುಖ ಯಾರೂ ನೋಡಲಿಲ್ಲ. ನವೆಂಬರ್ 22ರಂದು ಅದೇ ರೈಫಲಿನಿಂದ ಅಧ್ಯಕ್ಷ ಕೆನೆಡಿಯವರ ಹತ್ಯೆಯಾಯಿತು. ಆತ ಲೀ ಹಾರ್ವೆ ಆಸ್ವಾಲ್ಡ್. ಆ ದೇಶದಲ್ಲಿ 1968ರ ಕೋವಿ ನಿಯಂತ್ರಣ ಕಾಯಿದೆ ಬಂದ ಮೇಲೆ ಬೇರೆ ಬೇರೆ ರಾಜ್ಯದ ಖಾಸಗಿಯವರು ತಮ್ಮತಮ್ಮಲ್ಲೇ ನೇರವಾಗಿ ಕೋವಿ ಮಾರಿಕೊಳ್ಳುವುದು ನಿಂತಿತು. ಲೈಸೆನ್ಸು ಪಡೆದ ವ್ಯಾಪಾರಿಯ ಕೈಯ ಮೂಲಕವೇ ಅದು ಹೋಗಬೇಕು. ಒಂದೇ ರಾಜ್ಯದ ಇಬ್ಬರು ಖಾಸಗಿಯವರ ನಡುವಿನ ಮಾರಾಟಕ್ಕೆ ಅಲ್ಲಿನ ಕೇಂದ್ರದ ಕಾನೂನು ಅಷ್ಟು ಬಿಗಿಯಿಲ್ಲ. ನಮ್ಮಲ್ಲಿ ಪಕ್ಕದ ಮನೆಗೆ ಮಾರಿದರೂ 45 ದಿನ ಕಾಯಬೇಕು. ಮಕ್ಕಳನ್ನು ಅಲ್ಲಿಗೆ ಓದಲು ಕಳಿಸಿರುವವರು ಒಂದು ಮಾತು ನೆನಪಿಟ್ಟುಕೊಳ್ಳಲಿ: ವಿದ್ಯಾರ್ಥಿ ವೀಸಾದಂಥ ತಾತ್ಕಾಲಿಕ ವೀಸಾದ ಮೇಲೆ ಇರುವವರಿಗೆ, ಬೇಟೆಯ ಲೈಸೆನ್ಸಿನಂಥ ಕೆಲವು ಅಪವಾದ ಬಿಟ್ಟರೆ, ಅಲ್ಲಿ ಕೋವಿ ಇಟ್ಟುಕೊಳ್ಳುವುದು ಅಪರಾಧ.

ಕಾಗದದ ಜೊತೆಗೆ ಕೋವಿಯೇ ಬರೆದಿಡುವ ಸಾಕ್ಷ್ಯವೂ ಒಂದಿದೆ. ವಿಜ್ಞಾನ ಓದುವವರಿಗೆ ಇದು ರುಚಿಸೀತು. ರೈಫಲು, ಪಿಸ್ತೂಲುಗಳ ನಳಿಗೆಯ ಒಳಗೆ ತಿರುಪಿನಂತೆ ಗೀರುಗಳನ್ನು ಕೊರೆದಿರುತ್ತಾರೆ. ಗುಂಡು ಬುಗುರಿಯಂತೆ ತಿರುಗುತ್ತ ನೇರವಾಗಿ ಹೋಗಲಿ ಎಂದು. ಹೊರಗೆ ಬರುವಾಗ ಆ ಗೀರುಗಳ ಗುರುತು ಗುಂಡಿನ ಮೈಮೇಲೆ ಬೀಳುತ್ತದೆ, ಸಿಡಿಮೊಳೆ ಹೊಡೆದ ಗುರುತು ತೋಟಾದ ತಳದ ಮೇಲೆ ಉಳಿಯುತ್ತದೆ. ಧಾರವಾಡದಲ್ಲಿ 2015ರ ಆಗಸ್ಟ್ 30ರಂದು ಡಾ. ಎಂ.ಎಂ. ಕಲಬುರ್ಗಿಯವರ ಹತ್ಯೆಯಾಯಿತು, ಬೆಂಗಳೂರಿನಲ್ಲಿ 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶರ ಹತ್ಯೆಯಾಯಿತು. ಎರಡೂ ಕಡೆ ಬಳಕೆಯಾದದ್ದು ಒಂದೇ 7.65 ಮಿಲಿಮೀಟರಿನ ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ವರದಿ ಕೊಟ್ಟದ್ದು ಇಂಥ ಗುರುತುಗಳಿಂದಲೇ. ಲೈಸೆನ್ಸಿನ ಕೋವಿಗಾದರೆ ನಂಬರಿನಿಂದ ಒಡೆಯನವರೆಗೆ ಹೋಗಬಹುದು. ನಾಡ ಪಿಸ್ತೂಲಿಗೆ ಅಂಥ ದಾಖಲೆಯಿಲ್ಲ. ಒಂದು ಸಾಚಾ ಕೋವಿ ಕಾಗದವಿಲ್ಲದೆ ಕೈಯಿಂದ ಕೈಗೆ ಹೋದರೆ ಅದೂ ಆ ಗುಂಪಿಗೇ ಸೇರುತ್ತದೆ. ಒಂದೇ ವ್ಯತ್ಯಾಸ: ಅದರ ನಂಬರು ಇನ್ನೂ ತಾತನ ಹೆಸರನ್ನೇ ಹೇಳುತ್ತಿರುತ್ತದೆ, ಪೊಲೀಸರು ಮೊದಲು ಬರುವುದು ಸರಸ್ವತೀಪುರಕ್ಕೇ.

ತಾತನ 12 ಬೋರಿನ ನಳಿಗೆ ನುಣುಪು, ಚರೆಯ ಮೇಲೆ ಗೀರು ಬೀಳುವುದಿಲ್ಲ. ತೋಟಾದ ತಳದ ಗುರುತು ಮಾತ್ರ ಉಳಿಯುತ್ತದೆ. '12 ಬೋರು' ಎಂದರೆ ಅಂಗುಲವೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡು ಸೀಸವನ್ನು 12 ಸಮ ಗುಂಡುಗಳಾಗಿ ಎರೆದರೆ ಒಂದೊಂದರ ವ್ಯಾಸವೇ ಆ ನಳಿಗೆಯ ವ್ಯಾಸ. ಪೌಂಡು 453.6 ಗ್ರಾಂ, ಸೀಸದ ಸಾಂದ್ರತೆ 11.34, ಲೆಕ್ಕ ಮಾಡಿದರೆ ಸುಮಾರು 18.5 ಮಿಲಿಮೀಟರು ಬರುತ್ತದೆ. ಬೋರಿನ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಸಣ್ಣದಾಗುವುದು ಈ ಕಾರಣಕ್ಕೆ. ಶಾಲೆಗಳ ಗುರಿ ಸ್ಪರ್ಧೆಯಲ್ಲಿ ಬಳಸುವ 4.5 ಮಿಲಿಮೀಟರಿನ ಗಾಳಿ ಬಂದೂಕಿಗೆ ಲೈಸೆನ್ಸು ಬೇಡವಲ್ಲ ಎನ್ನುವ ಮಕ್ಕಳಿಗೂ ಒಂದು ಲೆಕ್ಕ. 2016ರ ನಿಯಮಗಳ ಪ್ರಕಾರ ವಿನಾಯಿತಿ ಇರುವುದು ನಳಿಗೆಯ ತುದಿಯಲ್ಲಿ 20 ಜೌಲ್ ಶಕ್ತಿ ಮೀರದವಕ್ಕೆ. ಅರ್ಧ ಗ್ರಾಮಿನ ಗುಂಡು ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಟರೆ ಏಳು ಜೌಲಿಗಿಂತ ಸ್ವಲ್ಪ ಹೆಚ್ಚು. ತಾತನ ಕೋವಿಯಲ್ಲಿ 32 ಗ್ರಾಂ ಚರೆ 375 ಮೀಟರ್ ವೇಗದಲ್ಲಿ ಹೊರಟರೆ 2,250 ಜೌಲ್. ಎರಡಕ್ಕೂ ಒಂದೇ ಕಾನೂನು ಇಲ್ಲದಿರುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ.

ಕೊನೆಯದಾಗಿ ಮನೆಯವರು ಹೆಚ್ಚಾಗಿ ತಪ್ಪುವುದು ಎಲ್ಲಿ ಎಂದರೆ, ತಾತ ತೀರಿಕೊಂಡ ಮೇಲೆ. ಹದಿಮೂರನೆಯ ದಿನ ಕಳೆದು, ವರ್ಷಾಬ್ದಿಕವೂ ಕಳೆದು, ಕೋವಿ ಬೀರುವಿನಲ್ಲೇ ಇರುತ್ತದೆ. ಸತ್ತವರ ಲೈಸೆನ್ಸು ಸತ್ತವರೊಂದಿಗೇ ಹೋಯಿತು. ಮಗನ ಬಳಿ ಇರುವುದು ಈಗ ಲೈಸೆನ್ಸಿಲ್ಲದ ಕೋವಿ. 21ನೆಯ ಕಲಮಿನಂತೆ ಅದನ್ನು ತಡಮಾಡದೆ ಠಾಣೆಯಲ್ಲೋ ಲೈಸೆನ್ಸುಳ್ಳ ಅಂಗಡಿಯಲ್ಲೋ ಠೇವಣಿ ಇಡಬೇಕು. ಅಲ್ಲಿಂದಲೇ, ಅರ್ಹರಾದವರಿಗೆ ಮಾರಿಸಿ ಹಣ ಪಡೆಯುವ ಹಕ್ಕು ವಾರಸುದಾರನಿಗಿದೆ. ನಿಗದಿಯ ಅವಧಿಯೊಳಗೆ ಏನೂ ಮಾಡದಿದ್ದರೆ ಅದು ಸರ್ಕಾರಕ್ಕೆ ಜಪ್ತಿಯಾಗಬಹುದು. ತಾತ ಇರುವಾಗಲೇ ಮಗನ ಹೆಸರಿಗೆ ಮಾಡಿಸುವ ದಾರಿಯೂ ಇದೆ. ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಅವರು ಕೋವಿಯನ್ನು 25 ವರ್ಷ ಇಟ್ಟುಕೊಂಡಿದ್ದರೆ ವಾರಸುದಾರರು ಅರ್ಜಿ ಹಾಕಬಹುದೆಂದು 2016ರ ನಿಯಮಗಳು ಹೇಳುತ್ತವೆ. ಎಂಬತ್ತಾದ ತಾತನ ಮನೆಯವರು ಬತ್ತೇರಿಗೆ ಫೋನು ಮಾಡುವ ಮುಂಚೆ ಇದನ್ನೂ ಒಮ್ಮೆ ಯೋಚಿಸಬಹುದಿತ್ತು.

ಮಾರುವುದೇ ಖಚಿತವಾದರೆ ತಿಳುವಳಿಕೆ ಪತ್ರವನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು, ತಾರೀಖು ಹಾಕಿಸಿಕೊಂಡು ಬರಬೇಕು. 45 ದಿನದ ಲೆಕ್ಕ ಆ ತಾರೀಖಿನಿಂದ. ಪತ್ರ ಬರೆಯುವ ಮುಂಚೆ ಬೀರುವಿನ ಮೇಲಿನ ಖಾನೆಯನ್ನು, ಅಟ್ಟದ ಮೇಲಿನ ಟ್ರಂಕನ್ನು ಒಮ್ಮೆ ನೋಡುವುದು ಒಳ್ಳೆಯದು. ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಕಿಲುಬು ಹಿಡಿದ ಹತ್ತು ಹನ್ನೆರಡು ತೋಟಾಗಳು ಇರುವುದುಂಟು. ಅವುಗಳ ಸಂಖ್ಯೆಯನ್ನೂ ಆ ಪತ್ರದಲ್ಲಿ ಬರೆಯಬೇಕು.